ಬೂಟು ಬಿಚ್ಚದೆ ಒಳಗೆ ಬಂದವನು

ಆ ಕಾಲದಲ್ಲಿ ವಾರಪತ್ರಿಕೆಯನ್ನು ಓದಿ ರದ್ದಿಗೆ ಹಾಕುವ ಮನೆಗಳು ಬೇರೆ, ಓದಿ ಕತ್ತರಿಸುವ ಮನೆಗಳು ಬೇರೆ. ಗುತ್ತೂರಿನ ನಮ್ಮ ಬಾಡಿಗೆ ಮನೆ ಎರಡನೆಯ ಬಗೆಯದು. ಧಾರಾವಾಹಿಯ ಪುಟಗಳನ್ನು ವಾರವಾರವೂ ಕತ್ತರಿಸಿ, ಕಬ್ಬಿಣದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒತ್ತಿ ಇಟ್ಟು, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸಿ ಪುಸ್ತಕವಾಗಿಸುತ್ತಿದ್ದೆವು. ಕತ್ತರಿ ಹಿಡಿಯುವ ಕೆಲಸ ಅಮ್ಮನದು. ಈ ಬರಹವನ್ನು ಓದುತ್ತಿರುವ ನನ್ನ ಓರಗೆಯವರ ಮನೆಗಳಲ್ಲಿಯೂ ಕರ್ಪೂರದ ಗುಳಿಗೆಯ ವಾಸನೆ ಹೊತ್ತ ಅಂಥ ಒಂದೆರಡು ಸಂಪುಟಗಳು ಇದ್ದಿರಬೇಕು.

ನಾನು ಹೇಳಹೊರಟಿರುವುದು ಒಂದು ಶ್ರಾವಣದಿಂದ ಮುಂದಿನ ಬೇಸಗೆಯವರೆಗೆ ನಡೆದದ್ದನ್ನು. ಅದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಶ್ರಾವಣ ಎಂದು ನಾನು ನಿರ್ಧರಿಸಿರುವುದು ಕೇವಲ ನೆನಪಿನ ಬಲದಿಂದಲ್ಲ. ಆ ವರ್ಷ ಶ್ರಾವಣವೂ ರಂಜಾನ್ ತಿಂಗಳೂ ಜೊತೆಯಾಗಿ ಬಂದಿದ್ದವು. ಪಂಚಾಂಗಗಳನ್ನು ತೆಗೆದು ನೋಡಿದರೆ ಆ ದಶಕದ ಕೊನೆಯಲ್ಲಿ ಹಾಗೆ ಬಂದ ವರ್ಷಗಳು ಒಂದಕ್ಕಿಂತ ಹೆಚ್ಚು ಇವೆ. ಅವುಗಳಲ್ಲಿ ನಾನು ಏಳನೆಯ ತರಗತಿಯಲ್ಲಿದ್ದದ್ದು ಒಂದೇ ವರ್ಷ. ಶ್ರಾವಣ ಮತ್ತು ರಂಜಾನ್ ಈ ಕಥೆಗೆ ಏಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ಅಪ್ಪ ರುದ್ರಪ್ಪ ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಅವರಿಗೂ ಅಮ್ಮನಿಗೂ ಇದ್ದ ಒಂದೇ ಚಟ ಗೂಢಚಾರ ಮಧುಕೇಶನ ಕಾದಂಬರಿಗಳು. ಅವುಗಳನ್ನು ಬರೆಯುತ್ತಿದ್ದ ಲೇಖಕರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಾವ್ಯನಾಮದ ಹಿಂದಿನ ಹೆಸರೂ ಗೊತ್ತಿರಲಿಲ್ಲ. ಆದರೆ ಮಧುಕೇಶ ನಮ್ಮ ಮನೆಯವನೇ ಆಗಿದ್ದ. ಅವನು ಯಾವ ಊರಿನಲ್ಲಿ ಯಾವ ಕಳ್ಳದಾರಿಯಿಂದ ಪಾರಾದ ಎಂಬುದು ನಮ್ಮ ಊಟದ ಹೊತ್ತಿನ ಮಾತಾಗಿತ್ತು.

ಭಾನುವಾರ ನಾವು ಮೂವರೂ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಗೆ ಹೋಗುತ್ತಿದ್ದೆವು. ಮಂಡಿಪೇಟೆಯ ಒಂದು ಓಣಿಯಲ್ಲಿ ಇಮಾಮ್ ಸಾಬರ ಬೈಂಡಿಂಗ್ ಅಂಗಡಿ. ಬಾಗಿಲಿಗೆ ಬರುವಾಗಲೇ ಬೇಯಿಸಿದ ಮೈದಾ ಅಂಟಿನ ವಾಸನೆ ಮೂಗಿಗೆ ಬರುತ್ತಿತ್ತು. ಹುಳು ಹಿಡಿಯದಿರಲೆಂದು ಆ ಅಂಟಿಗೆ ಅವರು ಮೈಲುತುತ್ತ ಬೆರೆಸುತ್ತಿದ್ದುದರಿಂದ ಅವರ ಬೆರಳ ತುದಿಗಳು ಸದಾ ನೀಲಿ. ಮೂಲೆಯಲ್ಲಿ ಅಂಚು ಕತ್ತರಿಸುವ ಯಂತ್ರ, ಅದರ ಕೆಳಗೆ ಬಿದ್ದ ಕಾಗದದ ಪಟ್ಟಿಗಳ ರಾಶಿ. ಆ ಪಟ್ಟಿಗಳನ್ನು ಗೋಣಿಚೀಲಕ್ಕೆ ತುಂಬಿ ಒಲೆ ಉರಿಸಲು ಮಂಡಕ್ಕಿ ಭಟ್ಟಿಗೆ ಕಳಿಸುತ್ತಿದ್ದರು. ಭಟ್ಟಿಯಿಂದ ನಮಗೆ ಬಿಸಿ ಮಂಡಕ್ಕಿ ಬರುತ್ತಿತ್ತು. ಹರಿಹರ, ದಾವಣಗೆರೆಗಳಲ್ಲಿ ಮಧುಕೇಶನ ಅಭಿಮಾನಿಗಳೆನ್ನುವವರೆಲ್ಲ ತಮ್ಮ ಪುಟಗಳನ್ನು ಬೈಂಡಿಗೆ ಕೊಡುತ್ತಿದ್ದದ್ದು ಅವರಿಗೇ. ಅವರ ಕೆಲಸ ಅಷ್ಟು ಅಚ್ಚುಕಟ್ಟು, ಮೇಲಾಗಿ ಅವರೂ ಓದುಗರು.

ಸಾರಥಿ ಎಂಬ ಹಳ್ಳಿಯಿಂದ ಹಾಲಪ್ಪ ಬರುತ್ತಿದ್ದ. ಅಮ್ಮನಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕಾದ ರೈತ, ಇನ್ನೂ ಮದುವೆಯಾಗಿರಲಿಲ್ಲ. ಮಧುಕೇಶ ನಿಜವಾಗಿಯೂ ದಿಲ್ಲಿಯಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದಾನೆಂದು ನಂಬಿದ್ದವನು. ಮಾತು ಹೆಚ್ಚಾಗಿ ಸುತ್ತುತ್ತಿದ್ದದ್ದು ಯಾವ ಕಾದಂಬರಿ ಮೊದಲು ಬಂತು, ಯಾವುದು ಆಮೇಲೆ ಎಂಬ ಪ್ರಶ್ನೆಯ ಸುತ್ತ.

"ಕಾಠ್ಮಂಡುದಾಗೆ ಅವನ ಎಡಗೈಗೆ ಗುಂಡು ಬಿದ್ದೈತೆ," ಎಂದು ಹಾಲಪ್ಪ ಶುರುಮಾಡುತ್ತಿದ್ದ. "ಬರ್ಲಿನ್ ಪುಸ್ತಕದಾಗೆ ಅದೇ ಕೈಲೆ ಹಗ್ಗ ಹಿಡ್ದು ಗ್ವಾಡೆ ಹತ್ತುತಾನೆ. ಅಂದ್ಮ್ಯಾಲೆ ಬರ್ಲಿನ್ನೇ ಮೊದ್ಲು."

"ಗಾಯ ಮಾಯೋದಿಲ್ಲೇನೋ?" ಎನ್ನುತ್ತಿದ್ದರು ಅಪ್ಪ.

"ನಮ್ಮೆತ್ತಿಗೆ ಕೊಂಬು ತಿವಿದಿದ್ದು ವರ್ಷ ಆದ್ರೂ ಮಾದಿಲ್ಲ, ಮಾವ."

"ನಿಮ್ಮೆತ್ತು ಬರ್ಲಿನ್‌ಗೆ ಹೋಗಿತ್ತೇನಪ್ಪ?" ಇಮಾಮ್ ಸಾಬರು ದಬ್ಬಣಕ್ಕೆ ನೂಲು ಪೋಣಿಸುತ್ತ ತಲೆಯೆತ್ತದೆ ಕೇಳುತ್ತಿದ್ದರು. "ಹಿಂದ್ಗಡೆ ಬೆಲೆ ನೋಡ್ರಿ. ಕಾಠ್ಮಂಡುಗೆ ಕಮ್ಮಿ, ಬರ್ಲಿನ್‌ಗೆ ಜಾಸ್ತಿ. ಪುಸ್ತಕದ ಬೆಲೆ ಇಳಿದಿದ್ದು ಯಾವಾಗಾನ ಕಂಡೀರಾ?"

"ಆ ಬರ್ಲಿನ್ ಎರಡನೇ ಸಲ ಅಚ್ಚಾಗಿದ್ದಿರಬೇಕು ಸಾಬ್ರೆ. ಒಳಪುಟ ತೋರಿಸ್ರಿ," ಎನ್ನುತ್ತಿದ್ದ ಹಾಲಪ್ಪ.

ಅಚ್ಚಾದ ವರ್ಷವಿರುತ್ತಿದ್ದ ಒಳಪುಟವನ್ನು ಯಾರೋ ಎಂದೋ ಹರಿದಿರುತ್ತಿದ್ದರು. ಹೀಗಾಗಿ ಮಾತು ಮುಂದಿನ ಭಾನುವಾರಕ್ಕೆ ಉಳಿಯುತ್ತಿತ್ತು. ಅದು ಉಳಿಯಲೆಂದೇ ಅವರೆಲ್ಲರ ಇಚ್ಛೆಯಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ಅಮ್ಮನ ಹೆಸರು ಗೌರಮ್ಮ. ಮುದ್ರಣದ ಹಿಂದುಮುಂದುಗಳಲ್ಲಿ ಅಮ್ಮನಿಗೆ ಆಸಕ್ತಿಯಿರಲಿಲ್ಲ. ಅವಳು ಮಧುಕೇಶನನ್ನು ಗುರುತಿಸುತ್ತಿದ್ದದ್ದು ಒಂದು ನಡವಳಿಕೆಯಿಂದ. ಅವನು ಯಾರ ಮನೆಗೆ ಹೋದರೂ ಬೂಟನ್ನು ಹೊಸ್ತಿಲ ಹೊರಗೆ ಬಿಚ್ಚಿಡುತ್ತಿದ್ದ. ಶತ್ರುವಿನ ಮನೆಯಾದರೂ ಸರಿ, ಪಿಸ್ತೂಲು ಕೈಯಲ್ಲಿದ್ದರೂ ಸರಿ. ಲೇಖಕರು ಅದಕ್ಕೆಂದು ಪ್ರತಿ ಕಾದಂಬರಿಯಲ್ಲಿಯೂ ಒಂದು ಸಾಲು ಮೀಸಲಿಡುತ್ತಿದ್ದರು.

"ಚಲೋ ಮನೆಯಾಗೆ ಬೆಳ್ದಾನೆ ಅವ," ಎನ್ನುತ್ತಿದ್ದಳು ಅಮ್ಮ.

"ಅದಕ್ಕೇ ಸಿಕ್ಕಿ ಬೀಳ್ತಾನೆ ನೋಡಕ್ಕ," ಎನ್ನುತ್ತಿದ್ದ ಹಾಲಪ್ಪ. "ಬಾಗಲಾಗೆ ಬೂಟು ಕಂಡ್ರೆ ಯಾರಿಗೆ ಗೊತ್ತಾಗಲ್ಲ?"

ಆ ವರ್ಷ ಮಧುಕೇಶನ ಹೊಸ ಕಥೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಯಿತು. ಮುಂಗಾರು ಕೂಡಿಕೊಳ್ಳುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಬಿಟ್ಟು ಬಿಟ್ಟು ಬರುವ ಜ್ವರ. ದಾವಣಗೆರೆಯ ಆಸ್ಪತ್ರೆಗೆ ಎರಡು ಸಲ ಸೇರಿಸಿ ಮನೆಗೆ ಕರೆತಂದಿದ್ದರು. ನಾವು ಅಂಗಡಿಗೆ ಹೋಗುವುದು ನಿಂತಿತು. ಅದರ ಬದಲು ಇಮಾಮ್ ಸಾಬರೂ ಹಾಲಪ್ಪನೂ ಭಾನುವಾರ ನಮ್ಮ ಮನೆಗೇ ಬರತೊಡಗಿದರು. ಅಮ್ಮನಿಗೆ ಅಕ್ಷರ ಮಂಜಾಗಿ ಕಾಣುತ್ತಿದ್ದುದರಿಂದ ಕಂತನ್ನು ಗಟ್ಟಿಯಾಗಿ ಓದುವ ಕೆಲಸ ನನಗೆ ಬಂತು. ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ ಪತ್ರಿಕೆಯವರು, ಅನಿವಾರ್ಯ ಕಾರಣಗಳಿಂದ ಈ ಸಂಚಿಕೆಯಲ್ಲಿ ಧಾರಾವಾಹಿ ಇಲ್ಲ ಎಂದು ಹಾಕುತ್ತಿದ್ದರು. ಆ ಭಾನುವಾರಗಳಲ್ಲಿ ನಾನು ಹಳೆಯ ಕಂತನ್ನೇ ಮತ್ತೆ ಓದುತ್ತಿದ್ದೆ.

ಶ್ರಾವಣದ ಒಂದು ಭಾನುವಾರ. ಹೊರಗೆ ಜಿಟಿಜಿಟಿ ಮಳೆ. ಅಮ್ಮನ ಮಗ್ಗುಲಲ್ಲಿ ಗಂಜಿಯ ತಟ್ಟೆ ಹಾಗೇ ಆರಿತ್ತು. ಇಮಾಮ್ ಸಾಬರು ಛತ್ರಿ ಮಡಿಚಿ ಒಳಗೆ ಬಂದಾಗ ಅಮ್ಮ ಮಲಗಿದಲ್ಲಿಂದಲೇ, "ಸಾಬ್ರಿಗೆ ಚಾ ಕೊಡು ಗಿರಿಜಿ," ಎಂದಳು.

"ರೋಜಾ ಐತೆ ತಂಗ್ಯಮ್ಮ," ಎಂದರು ಅವರು. "ನೀವು ಜಲ್ದಿ ಎದ್ದು ಕೂಡ್ರಿ. ಹಬ್ಬದ ದಿನ ಶೀರ್‌ಕುರ್ಮಾ ತರ್ತೀನಿ, ಆವಾಗ ಚಾ ಕೊಡುವಿರಂತೆ."

ಉಪವಾಸವೆಂಬುದು ಮರೆತುಹೋಯಿತೆಂದು ಅಮ್ಮ ನೊಂದುಕೊಂಡಳು. ಆ ಮಾತಿನಿಂದಲೇ ನನಗೆ ಆ ತಿಂಗಳು ಖಚಿತವಾಗಿ ತಿಳಿದಿದೆ.

ಎರಡು ವಾರ ತಪ್ಪಿ ಬಂದಿದ್ದ ಕಂತು ಅದು. ಮಧುಕೇಶ ಒಂದು ಗಡಿಪಟ್ಟಣದಲ್ಲಿ, ತನ್ನ ಸತ್ತ ಗೆಳೆಯನ ತಾಯಿಯನ್ನು ಕಾಣಲು ಹೋಗುತ್ತಾನೆ. ಮುದುಕಿ ಕದ ತೆರೆಯುತ್ತಾಳೆ. ಅವನು ಒಳಗೆ ನಡೆದು ಕುರ್ಚಿಯ ಮೇಲೆ ಕುಳಿತುಕೊಳ್ಳುತ್ತಾನೆ. ನಾನು ಮುಂದಿನ ಸಾಲಿಗೆ ಹೋಗಿದ್ದೆ. ಅಮ್ಮ ಕೈಯೆತ್ತಿದಳು.

"ತಡಿ. ಹಿಂದಕ್ಕೆ ಹೋಗು. ಬಾಗಲಾಗೆ ಏನು ಮಾಡಿದ?"

ಮತ್ತೊಮ್ಮೆ ಓದಿದೆ. ಹೊಸ್ತಿಲು ದಾಟಿದ, ಕುಳಿತ. ಸ್ವಲ್ಪ ಕೆಳಗೆ, ಅವನ ಬೂಟಿನ ಕೆಸರು ಚಾಪೆಗೆ ಮೆತ್ತಿತು ಎಂದೂ ಇತ್ತು.

"ಇದು ಅವರು ಬರೆದಿದ್ದಲ್ಲ," ಎಂದಳು ಅಮ್ಮ.

ಅಪ್ಪ ನಕ್ಕರು. "ಜಾಗ ಸಾಲದೆ ಅಚ್ಚಿನೋರು ಒಂದು ಸಾಲು ತೆಗೆದಿರ್ತಾರೆ. ಅದಕ್ಕೆಲ್ಲ ಹಂಗಂತಾರೇನು?"

"ಸಾಲು ಬಿಟ್ಟಿದ್ರೆ ಕೆಸರು ಎಲ್ಲಿಂದ ಬಂತು? ಅದೂ ಮಗನ ಕಳಕೊಂಡೋಳ ಮನೆಯಾಗೆ." ಅಮ್ಮನ ಉಸಿರು ಮೇಲೆ ಕೆಳಗಾಗುತ್ತಿತ್ತು. "ಬರೆಯೋರಿಗೆ ಏನೋ ಆಗೈತೆ. ಅವರು ಇಲ್ಲ. ನಂಗೆ ಗೊತ್ತಾಗ್ತೈತೆ."

"ಜ್ವರದ ಮಾತು ಅದು. ಸುಮ್ನೆ ಮಲಗು."

"ನನ್ನ ಜ್ವರ ನಂಗೆ ಗೊತ್ತಿಲ್ಲೇನು?" ಎಂದು ಅಮ್ಮ ಗೋಡೆಯ ಕಡೆಗೆ ತಿರುಗಿದಳು. ಇಮಾಮ್ ಸಾಬರು ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರು. ಹಾಲಪ್ಪ ಆ ದಿನ ತಮಾಷೆ ಮಾಡಲಿಲ್ಲ.

ಆಮೇಲೆ ಅಮ್ಮ ಒಂದು ಕಂತನ್ನೂ ಕೇಳಲಿಲ್ಲ. ಅಪ್ಪ ಪ್ರತಿವಾರ ಹಟ ಹಿಡಿದು ನನ್ನಿಂದ ಓದಿಸುತ್ತಿದ್ದರು. ಮಧುಕೇಶ ಮೊದಲಿನಂತೆಯೇ ಇದ್ದಾನೆಂದು ಅಮ್ಮನಿಗೆ ತೋರಿಸಿಕೊಟ್ಟರೆ ಅವಳ ಆರೋಗ್ಯವೂ ಮೊದಲಿನಂತಾಗುತ್ತದೆ ಎಂಬಂತಿತ್ತು ಅವರ ಹಟ. ಅಮ್ಮ ಕಿವಿಯ ಮೇಲೆ ಸೆರಗೆಳೆದುಕೊಳ್ಳುತ್ತಿದ್ದಳು. ಹಬ್ಬಕ್ಕೆ ಶೀರ್‌ಕುರ್ಮಾ ಬಂತು. ಅವಳು ಒಂದು ಚಮಚ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನನ್ನ ಕಡೆಗೆ ಸರಿಸಿದಳು. ಕಾರ್ತಿಕದಲ್ಲಿ, ಊರೆಲ್ಲ ದೀಪ ಹಚ್ಚುತ್ತಿದ್ದ ದಿನಗಳಲ್ಲಿ, ಅಮ್ಮ ತೀರಿಕೊಂಡಳು.

ತಿಥಿ ಮುಗಿದ ವಾರವೇ ಅಪ್ಪ ಅಮ್ಮನ ಕತ್ತರಿ ತೆಗೆದುಕೊಂಡು ನೆಲದ ಮೇಲೆ ಕುಳಿತರು. ಕಬ್ಬಿಣವನ್ನು ಕೂದಲೆಳೆಯಷ್ಟು ನಿಖರವಾಗಿ ಕಡೆಯುತ್ತಿದ್ದ ಕೈ ಕಾಗದದ ಮೇಲೆ ಅಂಕುಡೊಂಕಾಗಿ ಹೋಗುತ್ತಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ಧಾರಾವಾಹಿ ಮುಗಿಯಿತು. ಟ್ರಂಕಿನಲ್ಲಿದ್ದ ಅಷ್ಟೂ ಪುಟಗಳನ್ನು ಜೋಡಿಸಿ ನಾವಿಬ್ಬರೂ ದಾವಣಗೆರೆಗೆ ಹೋಗಿ ಇಮಾಮ್ ಸಾಬರಿಗೆ ಕೊಟ್ಟೆವು. ಅವರು ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ಹಸಿರು ಕ್ಯಾಲಿಕೋ ಬಟ್ಟೆ ಆರಿಸಿ ಬೈಂಡ್ ಮಾಡಿದರು. ಅಪ್ಪನ ಒಡ್ಡೊಡ್ಡು ಅಂಚುಗಳೆಲ್ಲ ಯಂತ್ರದ ಅಲಗಿನಡಿ ಸಮನಾದವು. ಹಾಲಪ್ಪನದೂ, ಉಳಿದ ಅಭಿಮಾನಿಗಳದೂ ಅದೇ ತಿಂಗಳು ಬೈಂಡಾದವು.

ಬೇಸಗೆಯ ಆರಂಭದಲ್ಲಿ ಪತ್ರಿಕೆಯಲ್ಲಿ ಒಂದು ಸಣ್ಣ ಚೌಕಟ್ಟು ಬಂತು. ಲೇಖಕರು ಕಳೆದ ಶ್ರಾವಣದಲ್ಲಿ, ಧಾರಾವಾಹಿ ನಡೆಯುತ್ತಿರುವಾಗಲೇ ನಿಧನರಾದರೆಂದೂ, ಓದುಗರ ಉತ್ಸಾಹಕ್ಕೆ ಭಂಗ ಬರಬಾರದೆಂದು ಸುದ್ದಿಯನ್ನು ತಡೆಹಿಡಿದು ಉಳಿದ ಕಂತುಗಳನ್ನು ಬೇರೊಬ್ಬರಿಂದ ಬರೆಯಿಸಲಾಯಿತೆಂದೂ, ಇನ್ನು ಮುಂದೆ ಮಧುಕೇಶನ ಕಥೆಗಳನ್ನು ಅವರೇ ಮುಂದುವರಿಸುತ್ತಾರೆಂದೂ ಅದರಲ್ಲಿತ್ತು. ತೀರಿಕೊಂಡ ದಿನವನ್ನು ಕೊಟ್ಟಿದ್ದರು. ಯಾವ ಕಂತಿನಿಂದ ಕೈ ಬದಲಾಯಿತೆಂದು ಹೇಳಿರಲಿಲ್ಲ.

ಆ ಭಾನುವಾರ ಅಂಗಡಿಗೆ ಹೋದಾಗ ಪತ್ರಿಕೆ ಅಂಟಿನ ಬೋಗುಣಿಯ ಪಕ್ಕದಲ್ಲೇ ಬಿಡಿಸಿಟ್ಟಿತ್ತು. ಹಾಲಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. ಇಮಾಮ್ ಸಾಬರು ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡರು.

"ರುದ್ರಪ್ಪಾರೆ, ನೋಡಿದ್ರೇನು? ತಂಗ್ಯಮ್ಮ ಅಂದಿದ್ದು ನಿಜ ಆತು. ಎರಡು ಊರಾಗೆ ಯಾರಿಗೂ ಗೊತ್ತಾಗದಿದ್ದು ಅವರೊಬ್ಬರಿಗೇ ಗೊತ್ತಾಗಿತ್ತು."

ಅದನ್ನು ಅವರು ಅಮ್ಮನಿಗೆ ಸಲ್ಲಬೇಕಾದ ಗೌರವವೆಂದೇ ಹೇಳಿದರು. ಅದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ. ಆದರೆ ಅಪ್ಪನ ಕಿವಿಗೆ ಅದು ಬೇರೆಯಾಗಿ ಬಿತ್ತು. ಅಮ್ಮ ಹೇಳಿದ್ದು ನಿಜವಾದರೆ, ಅವಳ ಕೊನೆಯ ದಿನಗಳಲ್ಲಿ ಅವಳ ತಿಳಿವಳಿಕೆಯನ್ನು ಜ್ವರವೆಂದು ತಳ್ಳಿಹಾಕಿದವರು ಅಪ್ಪ.

"ಅದೆಂಗೆ ನಿಜ ಆತು?" ಅಪ್ಪ ಕೈ ಬಿಡಿಸಿಕೊಂಡರು. "ಅವರು ಸತ್ತಿದ್ದೂ ಶ್ರಾವಣ, ಆ ಕಂತು ಬಂದಿದ್ದೂ ಶ್ರಾವಣ. ಕಂತು ಮೊದ್ಲು ಬಂದು ಅವರು ಆಮ್ಯಾಲೆ ಸತ್ತಿದ್ರೆ? ಆವಾಗ ಬರೆದೋರು ಅವರೇ. ಅವಳಿಗಿದ್ದಿದ್ದು ಜ್ವರಾನೇ."

"ಪುಸ್ತಕ ತೆಗೀರಿ ಹಂಗಾರೆ," ಎಂದ ಹಾಲಪ್ಪ. "ಪುಟದ ಕೆಳಗೆ ತಾರೀಖು ಇರ್ತಿತ್ತಲ್ಲ."

ಅವನೇ ತನ್ನ ಸಂಪುಟ ತೆಗೆದು, ಮುದುಕಿಯ ಮನೆಯ ಪುಟವನ್ನು ಹುಡುಕಿದ. ಪತ್ರಿಕೆಯ ಹೆಸರೂ ದಿನಾಂಕವೂ ಪುಟದ ಅಡಿಯಲ್ಲಿ, ಅಂಚಿಗೆ ಹತ್ತಿರ ಅಚ್ಚಾಗುತ್ತಿದ್ದವು. ಅಲ್ಲಿ ಈಗ ನುಣುಪಾದ ಅಂಚು ಮಾತ್ರ ಇತ್ತು. ಕಂತುಗಳಿಗೆ ಸಂಖ್ಯೆ ಇರಲಿಲ್ಲ. ಆಗಾಗ ವಾರಗಳು ತಪ್ಪಿದ್ದರಿಂದ ಕೊನೆಯಿಂದ ಹಿಂದಕ್ಕೆ ಎಣಿಸಿದರೂ ಪ್ರಯೋಜನವಿರಲಿಲ್ಲ. ಎರಡೂ ಊರುಗಳಲ್ಲಿ ಆ ಕಥೆಯನ್ನು ಕೂಡಿಟ್ಟವರೆಲ್ಲರ ಪುಟಗಳೂ ಒಂದೇ ಯಂತ್ರದ ಕೆಳಗೆ ಹೋಗಿ ಬಂದಿದ್ದವು. ಕೂಡಿಡದವರ ಪತ್ರಿಕೆಗಳು ರದ್ದಿಗೆ ಹೋಗಿದ್ದವು.

ಅಪ್ಪ ಆ ಅಂಚಿನ ಮೇಲೆ ಬೆರಳಾಡಿಸಿದರು. "ತಾರೀಖು ಕತ್ತರಿಸಿ ಒಲೆಗೆ ಹಾಕ್ದೋರು ನೀವು ಸಾಬ್ರೆ," ಎಂದರು. "ಈಗ ನನ್ನ ಹೆಂಡ್ತಿ ಮಾತು ನಿಜ ಅಂತ ನಂಗೇ ಹೇಳಾಕ ಬರ್ತೀರಿ."

ನಾವು ಕೂಡಲೇ ಎದ್ದು ಬಂದೆವು. ಮಂಡಕ್ಕಿ ಇನ್ನೂ ಬಂದಿರಲಿಲ್ಲ.

ಮುಂದಿನ ಭಾನುವಾರ ಅವರೇ ಗುತ್ತೂರಿಗೆ ಬಂದರು. ಹೆಗಲ ಮೇಲೆ ಒಂದು ಗೋಣಿಚೀಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಅಪ್ಪ ಕರೆಯುವುದನ್ನು ಕಾಯದೆ ಒಳಗೆ ಬಂದು ಕುಳಿತು ಚೀಲವನ್ನು ಬಿಚ್ಚಿದರು. ಭಟ್ಟಿಗೆ ಕಳಿಸದೆ ಉಳಿದಿದ್ದ ಪಟ್ಟಿಗಳು. ಆ ವಾರವೆಲ್ಲ ಅವನ್ನು ಬಿಡಿಸಿ, ಶ್ರಾವಣದ ದಿನಾಂಕವಿದ್ದ ಪಟ್ಟಿಗಳನ್ನು ಬೇರೆ ಮಾಡಿ ರಟ್ಟಿನ ನಡುವೆ ತಂದಿದ್ದರು.

"ಪುಸ್ತಕ ಕೊಡವ್ವ," ಎಂದರು ನನಗೆ. ಹಸಿರು ಸಂಪುಟವನ್ನು ತಂದುಕೊಟ್ಟೆ.

ಮುದುಕಿಯ ಮನೆಯ ಪುಟವನ್ನು ತೆರೆದು, ಅದರ ಕೆಳಗೆ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ಜೋಡಿಸತೊಡಗಿದರು. ಮೊದಲನೆಯದು ಸರಿಯಾಗಿ ಕೂತಿತು. ಎರಡನೆಯದೂ ಸರಿಯಾಗಿ ಕೂತಿತು. ಮೂರನೆಯದೂ. ಯಾವ ಪಟ್ಟಿ ಇಟ್ಟರೂ ನಡುವೆ ಗೆರೆ ಕಾಣದಂತೆ ಹೊಂದುತ್ತಿತ್ತು. ಹರಿದ ಕಾಗದಕ್ಕೆ ಅದರದೇ ಆದ ಜೊತೆ ಒಂದಿರುತ್ತದೆ. ನೇರವಾಗಿ ಕಡಿದ ಕಾಗದಕ್ಕೆ ಎಲ್ಲವೂ ಜೊತೆಯಾಗುತ್ತವೆ.

ಅವರು ಕೊನೆಯ ಪಟ್ಟಿಯನ್ನೂ ಇಟ್ಟು ನೋಡಿ, ನೀಲಿ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ನನ್ನ ಕೈ ಕೆಟ್ಟಿದ್ರೆ ಚಲೋ ಇತ್ತು, ರುದ್ರಪ್ಪಾರೆ."

ಅಪ್ಪ ಕಿಟಕಿಯ ಹತ್ತಿರ ನಿಂತಿದ್ದರು. ಅವರು ಒಂದು ಮಾತಾಡಿದ್ದರೆ, ಹೋಗ್ಲಿ ಬಿಡ್ರಿ ಎಂದಿದ್ದರೂ ಸಾಕಿತ್ತು. "ಬಸ್ಸಿನ ಹೊತ್ತಾತು ಸಾಬ್ರೆ," ಎಂದರು.

ಇಮಾಮ್ ಸಾಬರು ಪಟ್ಟಿಗಳನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನನ್ನ ತಲೆಯ ಮೇಲೆ ಕೈಯಿಟ್ಟು ಹೊರಟರು. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಭಾನುವಾರಗಳು ಅಲ್ಲಿಗೆ ಮುಗಿದವು.

ಹೊಸ ಲೇಖಕರ ಮಧುಕೇಶ ಕೆಲವು ವರ್ಷ ನಡೆದ. ನಮ್ಮ ಮನೆಗೆ ಆ ಪತ್ರಿಕೆ ಮತ್ತೆ ಬರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಇಮಾಮ್ ಸಾಬರು ತೀರಿಕೊಂಡ ಸುದ್ದಿಯನ್ನು ಹಾಲಪ್ಪ ತಂದ. ಆ ಹೊತ್ತಿಗೆ ಮಣ್ಣಾಗಿ ಮೂರು ದಿನಗಳಾಗಿದ್ದವು. ಅಪ್ಪ ಅಂಗಿ ತೊಟ್ಟು ಹರಿಹರದ ಬಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿ ಸಂಜೆಯವರೆಗೆ ಕುಳಿತು, ಹಿಂದಿರುಗಿದರು.

ನಾನು ಓದು ಮುಂದುವರಿಸಿ ಹಳೆಯ ನಿಯತಕಾಲಿಕಗಳ ಸಂಶೋಧನೆಗೆ ತೊಡಗಿದೆ. ಕಂಡವರ ಪತ್ರಿಕೆಗಳ ದಿನಾಂಕಗಳನ್ನೆಲ್ಲ ಒರೆಗೆ ಹಚ್ಚುವುದು ನನ್ನ ವೃತ್ತಿಯಾಯಿತು. ಅಪ್ಪ ಮುಪ್ಪಿನಲ್ಲಿ ಒಂದು ರಾತ್ರಿ ಊಟದ ಮುಂದೆ ಕುಳಿತು ಕೇಳಿದರು: "ನೀನು ದೊಡ್ಡ ದೊಡ್ಡ ಲೈಬ್ರರಿಯಾಗೆ ಇರ್ತೀಯಲ್ಲ. ಆ ವಾರಪತ್ರಿಕೆ ಎಲ್ಲಾನ ಇಟ್ಟಿರ್ತಾರೇನು?" ಇದ್ದರೂ ಇರಬಹುದು, ಹುಡುಕುತ್ತೇನೆ ಎಂದೆ. ಬೆಳಿಗ್ಗೆ ನಾನು ಹೊರಡುವಾಗ ಬಾಗಿಲಿಗೆ ಬಂದು ನಿಂತರು. "ಬ್ಯಾಡ ಬಿಡು ಗಿರಿಜಿ. ನೋಡಬ್ಯಾಡ." ಅವರು ಇರುವವರೆಗೂ ನಾನು ನೋಡಲಿಲ್ಲ.

ಅಪ್ಪ ಹೋದ ಮರುವರ್ಷ, ಧಾರವಾಡದ ಒಂದು ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಆ ಪತ್ರಿಕೆಯ ಸಂಚಿಕೆಗಳು ಸಿಕ್ಕವು. ಯಾರೂ ಬೈಂಡ್ ಮಾಡಿಸಿರಲಿಲ್ಲ. ಸುತಳಿಯಲ್ಲಿ ಕಟ್ಟಿ ಇಟ್ಟಿದ್ದರು. ಲೇಖಕರು ತೀರಿಕೊಂಡ ಮೇಲೆ ಬಂದ ಸಂಚಿಕೆಯಲ್ಲಿಯೇ ಮುದುಕಿಯ ಮನೆಯ ಕಂತು ಇತ್ತು. ದಿನಾಂಕವೊಂದೇ ಸಾಕ್ಷ್ಯವಾಗದು; ಲೇಖಕರು ಮುಂಗಡವಾಗಿ ಬರೆದು ಕಳಿಸಿರಬಹುದು. ಆದ್ದರಿಂದ ಹಿಂದಿನ ಸಂಚಿಕೆಗಳನ್ನೂ ನೋಡಿದೆ. ಅದರ ಹಿಂದಿನ ಎರಡು ವಾರ, ಅಂದರೆ ಅವರು ತೀರಿಕೊಂಡ ವಾರವೂ ಅದರ ಮುಂದಿನ ವಾರವೂ, ಧಾರಾವಾಹಿ ಇಲ್ಲ ಎಂಬ ಪ್ರಕಟಣೆಯಿತ್ತು. ಮುಂಗಡ ಕಂತುಗಳು ಕೈಯಲ್ಲಿದ್ದಿದ್ದರೆ ಪತ್ರಿಕೆಯವರು ಆ ವಾರಗಳನ್ನು ಖಾಲಿ ಬಿಡುತ್ತಿರಲಿಲ್ಲ. ಅವರ ಬಳಿ ಏನೂ ಉಳಿದಿರಲಿಲ್ಲ. ಆ ಕಂತು ಹೊಸ ಕೈಯ ಮೊದಲ ಕಂತು. ಅಮ್ಮನ ಮಾತು ಒಂದು ವಾರದಷ್ಟೂ ತಪ್ಪಿರಲಿಲ್ಲ. ಪತ್ರಿಕೆ ಬಚ್ಚಿಟ್ಟ ಒಂದು ಸಾವನ್ನು, ಗುತ್ತೂರಿನ ಹಾಸಿಗೆಯಲ್ಲಿ ಮಲಗಿ, ಒಂದು ಜೊತೆ ಬೂಟಿನಿಂದ ಅವಳು ಅರಿತಿದ್ದಳು.

ಇದನ್ನು ಹೇಳಬೇಕೆಂದರೆ ಉಳಿದಿದ್ದವನು ಹಾಲಪ್ಪನೊಬ್ಬನೇ. ಸಾರಥಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದ, ಕಿವಿ ಮಂದವಾಗಿತ್ತು. ಎಲ್ಲವನ್ನೂ ಗಟ್ಟಿಯಾಗಿ, ಅಂದು ಕಂತು ಓದುತ್ತಿದ್ದಂತೆಯೇ, ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ. ಆಮೇಲೆ ನನ್ನ ಮೊಣಕೈ ಮುಟ್ಟಿದ.

"ಕಾಠ್ಮಂಡು ಮೊದ್ಲೋ ಬರ್ಲಿನ್ ಮೊದ್ಲೋ, ಅದು ಗೊತ್ತಾತೇನವ್ವ?"

"ಅದನ್ನ ನೋಡ್ಲಿಲ್ಲ ಮಾಮ."

"ನೋಡಬೇಕಿತ್ತು," ಎಂದ. "ಸಾಬ್ರು ಕೇಳ್ತಿದ್ರು."

ದಾವಣಗೆರೆಯ ಸರಸ್ವತಿ ನಗರದಲ್ಲಿ ಈಗ ನನ್ನ ಮನೆ. ಆ ಸಂಜೆ ಹಸಿರು ಸಂಪುಟವನ್ನು ತೆಗೆದೆ. ಅಂಟಿನ ವಾಸನೆ ಹೋಗಿದೆ. ಹುಳು ಮಾತ್ರ ಹಿಡಿದಿಲ್ಲ. ಧಾರವಾಡದಲ್ಲಿ ಮಾಡಿಸಿಕೊಂಡ ಜೆರಾಕ್ಸ್ ಪ್ರತಿಯ ಮೇಲೆ ಅಮ್ಮನ ಪುಟವನ್ನು ಸಾಲಿಗೆ ಸಾಲು ಕೂಡುವಂತೆ ಇಟ್ಟೆ. ಕೆಳಗೆ ಒಂದು ಬೆರಳಗಲ ಕಾಗದ ಹೊರಗುಳಿಯಿತು. ನಾಲ್ವರ ಭಾನುವಾರಗಳನ್ನು ಮುಗಿಸಿದ್ದು ಅಷ್ಟಗಲದ ಜಾಗ. ಅದರಲ್ಲಿ ದಿನಾಂಕ ಸ್ಪಷ್ಟವಾಗಿತ್ತು. ಅದು ಬೇಕಾಗಿದ್ದವರಾರೂ ಮನೆಯಲ್ಲಿರಲಿಲ್ಲ. ನಾನು ಇಮಾಮ್ ಸಾಬರ ಅಂಚಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದೆ. ಎಲ್ಲಿಯೂ ಒಂದು ಎಳೆಯಷ್ಟೂ ಓರೆಯಾಗಿರಲಿಲ್ಲ.